ಒಳಬಟ್ಟೆಗೂ ಬಿಸಿಲು ಬೇಕು

ಹಾನಗಲ್ಲಿನ ನಮ್ಮ ಮನೆಯ ಅಂಗಳದಲ್ಲಿ ಬಿಸಿಲು ಬೀಳುವುದು ಒಂದೇ ಕಡೆ, ಗೇಟಿನ ಹತ್ತಿರ. ಪಕ್ಕದವರು ಮಹಡಿ ಕಟ್ಟಿಸಿದ ಮೇಲೆ ಉಳಿದದ್ದಕ್ಕೆಲ್ಲ ಅವರ ಗೋಡೆಯ ನೆರಳು. ಆ ಬಿಸಿಲಿನ ಜಾಗದಲ್ಲಿ, ಗೇಟಿನಿಂದ ಪಡಸಾಲೆಗೆ ಬರುವ ದಾರಿಗೆ ಅಡ್ಡವಾಗಿ, ಕಂಪೌಂಡಿನ ಕಂಬದಿಂದ ಪೇರಲ ಗಿಡಕ್ಕೆ ಒಂದು ಹಗ್ಗ ಕಟ್ಟಿದೆ. ಕಟ್ಟಿದವರು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು. ಅವರು ಆರಡಿ ಆಳು. ಹಗ್ಗವೂ ಅವರ ಕೈ ಎಟಕುವ ಎತ್ತರಕ್ಕೇ ಇತ್ತು. ಒಣಹಾಕಬೇಕಾದ ನಾನು ಒಂದು ಕಲ್ಲಿನ ಮೇಲೆ ನಿಂತು ಕೈ ಚಾಚಬೇಕಿತ್ತು.

ಒಣಹಾಕುತ್ತಿದ್ದದ್ದಾದರೂ ಏನು? ಭಾವನವರ ಬಿಳಿ ಅಂಗಿ, ಧೋತರ, ಜಾಳಿಗೆಯಂತಾದ ಬನಿಯನ್, ಪಟ್ಟಾಪಟ್ಟಿ ಚಡ್ಡಿ. ಆ ಚಡ್ಡಿಗಳು ಗಾಳಿ ತುಂಬಿಕೊಂಡು ಓಣಿಗೆಲ್ಲ ಕಾಣುವಂತೆ ಹಾರಾಡುತ್ತಿದ್ದವು. ಹಾಲು ಹಾಕುವವ, ಕರೆಂಟ್ ಬಿಲ್ಲಿನವ, ಎಲ್ಲರೂ ಅವುಗಳ ಕೆಳಗೇ ದಾಟಿ ಬರುತ್ತಿದ್ದರು. ಯಾರ ಮಾನವೂ ಹೋಗಲಿಲ್ಲ. ಹೆಂಗಸರ ಒಳಬಟ್ಟೆಗೆ ಮಾತ್ರ ಬಚ್ಚಲ ಬಾಗಿಲ ಹಿಂದಿನ ಮೊಳೆ ಗತಿ, ಅದರ ಮೇಲೊಂದು ಹಳೆಯ ಟವೆಲ್ಲಿನ ಮುಸುಕು. ಮಳೆಗಾಲದಲ್ಲಿ ಅವು ಒಣಗಿದ್ದನ್ನು ನಾನು ಕಂಡೇ ಇಲ್ಲ. ಹಸಿಯದನ್ನೇ ಹಾಕಿಕೊಂಡು ಶಾಲೆಗೆ ಹೋಗಿ, ಮಕ್ಕಳು ಬೋರ್ಡು ನೋಡಿ ಬರೆದುಕೊಳ್ಳುವಾಗ ಕಪಾಟಿನ ಮರೆಗೆ ನಿಂತು ಕೆರೆದುಕೊಂಡಿದ್ದೇನೆ. ಹೇಳಲು ನಾಚಿಕೆಯೇನಿಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ನಾನು ಶಿಗ್ಗಾವಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಹಾನಗಲ್ಲಿನಿಂದ ಬಸ್ಸು. ಹೆಂಗಸರಿಗೆ ಟಿಕೀಟು ಪುಕ್ಕಟೆಯಾದ ಮೇಲಂತೂ ಸೀಟಿನ ಆಸೆ ಬಿಟ್ಟಿದ್ದೇನೆ. ಮೇಲಿನ ಕಂಬಿ ಹಿಡಿದು ನಿಲ್ಲುವುದು, ನಿಂತಾಗ ಕುಪ್ಪಸ ಮೇಲೇರುವುದು, ಭುಜದ ಪಟ್ಟಿ ಜಾರುವುದು. ಆಗ ಹಿಂದಿನಿಂದ ಯಾವುದೋ ಗುರುತಿಲ್ಲದ ಹೆಂಗಸಿನ ಕೈ ಬಂದು ಆ ಪಟ್ಟಿಯನ್ನು ಒಳಗೆ ತುರುಕುವುದು. "ಪಟ್ಟಿ ಕಾಣಾಕತ್ತೇತಿ ನೋಡ್ರಿ" ಎಂದು ಕಿವಿಯಲ್ಲಿ ಪಿಸುಗುಡುವುದು. ಬಸ್ಸಿಗೆ ಬೆಂಕಿ ಬಿದ್ದಿದ್ದರೂ ಅವರ ದನಿಯಲ್ಲಿ ಅಷ್ಟು ಗಾಬರಿ ಇರುತ್ತಿರಲಿಲ್ಲವೇನೋ.

ಪಟ್ಟಿ ಜಾರುತ್ತಿದ್ದದ್ದಕ್ಕೆ ಕಾರಣ ಅದು ನನ್ನ ಅಳತೆಯದಲ್ಲ ಎಂಬುದು. ನಮ್ಮ ಮನೆಯಲ್ಲಿ ಒಳಬಟ್ಟೆ ತರುವವರು ಅತ್ತೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಟವೆಲ್ಲು ಕರ್ಚೀಫುಗಳ ಜೊತೆಗೆ ಒಂದು ಕಟ್ಟು. ಎಲ್ಲವೂ ಒಂದೇ ನಂಬರಿನವು. ಅಂಗಡಿಯವರು ಭಾವನವರ ಸ್ನೇಹಿತರು. ಬೇರೆ ಬೇರೆ ನಂಬರು ಕೇಳಿದರೆ ಯಾವುದು ಯಾವ ಸೊಸೆಯದು ಎಂದು ಅವರಿಗೆ ತಿಳಿದುಬಿಡುತ್ತದಂತೆ! ಅದಕ್ಕೇ ಮನೆಗೆಲ್ಲ ಒಂದೇ ಅಳತೆ. ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಕಡ್ಡಿಯಂಥವಳು. ಅವಳು ಅದನ್ನು ಮಡಚಿ ಪಿನ್ನು ಹಾಕಿಕೊಳ್ಳುತ್ತಿದ್ದಳು. ನಾನು ಮೈ ಕೈ ತುಂಬಿಕೊಂಡವಳು. ಸುತ್ತಳತೆ ಮುಚ್ಚದೆ ಕೊನೆಯ ಹುಕ್ಕಿಗೆ ಒಂದು ತುಂಡು ಎಲಾಸ್ಟಿಕ್ ಹೊಲಿದುಕೊಂಡಿದ್ದೆ. ಒಳಲಂಗದ ಲಾಡಿಯ ಕಥೆಯೂ ಅದೇ. ಸೊಂಟದ ಸುತ್ತ ಬಿಗಿದು ಬಿಗಿದು ಕಪ್ಪು ಗೆರೆ ಬಿದ್ದಿತ್ತು.

ಒಂದು ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಗೆಳತಿ, ಗಣಿತದ ಟೀಚರು, ಅದೇ ಕೆಲಸ ಮಾಡಿದಳು. ಪಟ್ಟಿ ತುರುಕಲು ಕೈ ಚಾಚಿದಳು. ನನಗೆ ಎಲ್ಲಿತ್ತೋ ಸಿಟ್ಟು, "ಕಾಣಲಿ ಬಿಡು! ಕಾಣಬಾರದ್ದೇನೈತಿ ಅದರಾಗ?" ಎಂದು ಚೀರಿದೆ. ಅವಳು ಹೆದರಲಿಲ್ಲ, ನಕ್ಕಳು. ಅವಳು ಸವಣೂರಿನವಳು. ತನ್ನ ತಲೆಯ ಸ್ಕಾರ್ಫಿಗೆ ಎಲ್ಲಿ ಯಾವ ಪಿನ್ನು ಎಂದು ಲೆಕ್ಕ ಹಾಕಿ ಸಿಕ್ಕಿಸುವವಳು, ಸಂಜೆಯವರೆಗೂ ಒಂದು ಮಡಿಕೆ ಅಲುಗುವುದಿಲ್ಲ. "ಪಟ್ಟಿದ ತಪ್ಪಲ್ಲ ಅದು, ಅಳತಿದ ತಪ್ಪು. ಶನಿವಾರ ನಮ್ಮ ಊರಿಗೆ ಬಾ" ಎಂದಳು.

ಸವಣೂರಿನಲ್ಲಿ ಅವಳ ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಿದ್ದರು. ಮುಂದೆ ಬಳೆ, ಕ್ಲಿಪ್ಪು, ಪಿನ್ನು. ಹಿಂದೆ ಒಂದು ಹೂವಿನ ಪರದೆ. ಪರದೆಯ ಆಚೆ ಗಂಡಸರಿಗೆ ಪ್ರವೇಶವಿಲ್ಲ. ಆಕೆ ಕುತ್ತಿಗೆಗೆ ಟೇಪು ಹಾಕಿಕೊಂಡು ನನ್ನನ್ನು ಒಳಗೆ ಕರೆದರು. ಎರಡು ಮಕ್ಕಳನ್ನು ಹೆತ್ತು ದೊಡ್ಡವರನ್ನಾಗಿ ಮಾಡಿದ ನನ್ನ ಎದೆಯ ಅಳತೆಯನ್ನು ಅದುವರೆಗೆ ಯಾರೂ ತೆಗೆದಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಈಗ ಹಾಕ್ಕೊಂಡೀಯಲ್ಲ ಬೇಟಿ, ಇದು ಯಾರದು?" ಎಂದು ಆಕೆ ಕೇಳಿದರು.

"ಮನೀದು" ಎಂದೆ.

ಗೆಳತಿ ನಕ್ಕು ನಕ್ಕು ಪರದೆ ಹಿಡಿದು ನಿಂತಳು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಳತೆಗೆ ಸರಿಯಾದದ್ದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಮೊದಲು ಅನಿಸಿದ್ದು ಚೆಂದವಲ್ಲ. ಉಸಿರು ಪೂರ್ತಿ ಒಳಗೆ ಹೋಯಿತು, ಅಷ್ಟೇ. ಆಮೇಲೆ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆಕೆ ಲಾಡಿಯಿಲ್ಲದ, ಸೊಂಟಕ್ಕೆ ಅಗಲ ಪಟ್ಟಿಯ, ಮೊಣಕಾಲಿನಿಂದ ಕೆಳಗೆ ಮೀನಿನ ಬಾಲದಂತೆ ಅರಳುವ ಒಳಲಂಗವನ್ನೂ ಕೊಟ್ಟರು. ಅದರ ಮೇಲೆ ನನ್ನ ಹಳೆಯ ನೀಲಿ ಸೀರೆಯನ್ನೇ ಉಡಿಸಿದರು. ಗೆಳತಿ ತನ್ನ ಸ್ಕಾರ್ಫಿನಿಂದ ಎರಡು ಪಿನ್ನು ಕಿತ್ತು ನನ್ನ ಸೆರಗಿಗೆ ಸಿಕ್ಕಿಸಿದಳು. ಕನ್ನಡಿಯಲ್ಲಿದ್ದವಳ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಊರಿಗೆ ಬಂದ ಮೇಲೆ ನನಗೆ ಹುಚ್ಚೇ ಹಿಡಿಯಿತು. ನಮ್ಮ ಕಡೆ ಯಾರ ಮನೆಗೆ ಹೋದರೂ ಹೆಂಗಸರಿಗೆ ಉಡಿ ತುಂಬಿ ಕುಪ್ಪಸದ ಕಣ, ಅಂದರೆ ಹೊಲಿಯದ ತುಂಡು ಬಟ್ಟೆ, ಕೊಡುತ್ತಾರೆ. ಆ ಕಣವನ್ನು ಯಾರೂ ಹೊಲಿಸುವುದಿಲ್ಲ. ನಾವು ಅದನ್ನೇ ಇನ್ನೊಬ್ಬರಿಗೆ ಉಡಿ ತುಂಬುತ್ತೇವೆ, ಅವರು ಮತ್ತೊಬ್ಬರಿಗೆ. ಹೀಗೆ ಊರೆಲ್ಲ ಸುತ್ತುತ್ತಿದ್ದ ಒಂದು ಹಸಿರು ಕಣವನ್ನು, ಕೆಂಪು ಅಂಚಿನದು, ನಾನು ಹಿಡಿದು ನಿಲ್ಲಿಸಿದೆ. ಕತ್ತರಿಸಿ, ಒಳಗೆ ದಪ್ಪ ಬಟ್ಟೆ ಕೊಟ್ಟು, ಸೀರೆಯ ಮೇಲೆ ಕಟ್ಟುವ ಒಂದು ಸೊಂಟಪಟ್ಟಿ ಹೊಲಿದೆ. ಉಳಿದ ತುಂಡಿನಲ್ಲಿ ಮೊಬೈಲು ಹಿಡಿಯುವಷ್ಟು ಒಂದು ಚೀಲವಾಯಿತು. ಸೀರೆಗಳು ಅವೇ. ಒಂದೂ ಹೊಸದಿಲ್ಲ.

ಆದರೆ ಓಣಿಯ ಕಣ್ಣಿಗೆ ಎಲ್ಲವೂ ಹೊಸವಾದವು. "ಯಾವಾಗ ತಗೊಂಡ್ರಿ ಇದನ್ನ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರು. ಹೆಡ್ ಮಿಸ್ಸು ಸೆರಗು ಮುಟ್ಟಿ ನೋಡಿದರು. ನನ್ನ ಗಂಡ ಒಂದು ರಾತ್ರಿ ಊಟ ಮಾಡುತ್ತ, "ಸಣ್ಣ ಆಗೀಯೇನ?" ಎಂದರು. ಮದುವೆಯಾದ ಮೇಲೆ ಅವರು ನನ್ನ ಮೈಯ ಬಗ್ಗೆ ಆಡಿದ ಅತಿ ಉದ್ದದ ಭಾಷಣ ಅದು. ಭಾವನವರು ಮಾತ್ರ ಏನೂ ಅನ್ನದೆ ನೋಡುತ್ತಿದ್ದರು.

ನಮ್ಮಲ್ಲಿ ಭಾವನವರು ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದಿದ್ದರೆ ತಮ್ಮನಿಗೆ ಹೇಳುತ್ತಾರೆ, ಇಲ್ಲವೇ ಪಡಸಾಲೆಯ ಕಂಬಕ್ಕೆ. ಅಷ್ಟು ವರ್ಷ ಒಂದೇ ಮನೆಯ ಅನ್ನ ಉಂಡರೂ ಅವರು ನನಗೆ ಎಂದು ಆಡಿದ ಮಾತು ಒಂದೂ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಅವರು ಕಂಬಕ್ಕೆ ಹೇಳಿದರು:

"ದಿನಾ ಒಂದ್ ಹೊಸಾ ಸೀರಿ ಉಟಗೊಂಡ ಹೊಂಟ್ರ ಮಂದಿ ಏನ್ ಅಂತಾರು? ಎಲ್ಲಿಂದ ಬರಾಕತ್ತಾವು ಇವು? ಯಾರಿಗೆ ತೋರ್ಸಾಕ ಉಡೂದು? ನಾಳಿಯಿಂದ ಸಾಲಿಗೆ ಹೋಗೂದ ಬ್ಯಾಡ. ಸಾಕು ನೌಕರಿ."

ಅತ್ತೆ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. ನೆಗೆಣ್ಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಗಂಡ ಪೇಪರಿನ ಹಿಂದೆ ಇದ್ದರು. ಆ ಪೇಪರು ಅಲುಗಲಿಲ್ಲ. ಆ ಶಾಲೆ ಎಂದರೆ ನನಗೆ ಬರೀ ಸಂಬಳವಲ್ಲ. ಕಂಬಿ ಹಿಡಿದು ನಿಂತರೂ ಆ ಬಸ್ಸಿನಲ್ಲಿ ನಾನು ಯಾರ ಸೊಸೆಯೂ ಅಲ್ಲ. ಅದನ್ನು ಕಿತ್ತುಕೊಳ್ಳಲು ಅವರಿಗೆ ಒಂದು ಸೀರೆ ಸಾಕಾಗಿತ್ತು, ಅದೂ ಇಲ್ಲದ ಸೀರೆ.

"ಯಾವ ಸೀರಿ ಹೊಸಾದು?" ಎಂದು ಕೇಳಿದೆ. ನಾನೂ ಕಂಬವನ್ನೇ ನೋಡಿ ಕೇಳಿದೆ. ಆಮೇಲೆ ಗಂಡನ ಕಡೆ ತಿರುಗಿ, "ರೀ, ಪೇಪರ್ ಕೆಳಗ ಇಡ್ರಿ. ನಿಮಗೂ ಗೊತ್ತಾಗ್ಲಿ" ಎಂದೆ.

ಒಳಗಿನಿಂದ ಟ್ರಂಕು ಎಳೆದು ತಂದು ಪಡಸಾಲೆಯ ನಡುವೆ ಸುರಿದೆ. ಅತ್ತೆಗೆ ಸೀರೆಯ ನೆನಪು ಗಟ್ಟಿ. ಒಂದೊಂದೇ ಎತ್ತಿ ದೊಡ್ಡ ಮಗನಿಗೆ ತೋರಿಸಿದರು. "ಇದು ಹಿರೇಕೆರೂರಾಗ ಇಕಿ ತವರಮನ್ಯಾಗ ತೊಟ್ಟಿಲ ಕಾರ್ಯಾದಾಗ ಕೊಟ್ಟಿದ್ದು. ಇದು ನಿನ್ನ ಮಗಳ ಲಗ್ನದಾಗ ನೀನ ತಂದಿದ್ದಲ್ಲೋ. ಈ ನೀಲಿದು ನಾನ ಉಡಿಸಿದ್ದು, ಅಂಚ ಹರದೈತಿ." ಸೀರೆಗಳು ಮುಗಿದವು. ಹೊಸದು ಸಿಗಲಿಲ್ಲ. ನೆಗೆಣ್ಣಿ ಬಂದು ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದವನ್ನೂ ಎತ್ತಿ ನೋಡಿದಳು.

"ಹಂಗಾರ ಹೊಸಾದು ಏನೈತಿ?" ಎಂದು ಭಾವನವರು ಕೇಳಿದರು. ನಿಜಕ್ಕೂ ತಿಳಿಯದೆ ಕೇಳಿದ್ದು ಅದು. ಏನೋ ಬದಲಾಗಿದೆ ಎಂದು ಅವರ ಕಣ್ಣಿಗೆ ಕಾಣುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಪಾಪ ಅನ್ನಬೇಕಿತ್ತೇನೋ. ನನಗೆ ಅನಿಸಲಿಲ್ಲ.

"ತೋರಸ್ತೇನಿ, ಕುಂದರ್ರಿ" ಎಂದೆ.

ಬಚ್ಚಲಿಗೆ ಹೋಗಿ ಬಾಗಿಲ ಹಿಂದಿನ ಟವೆಲ್ಲು ಕಿತ್ತು ಬಿಸಾಕಿದೆ. ಬೆಳಿಗ್ಗೆ ಒಗೆದ ಒಳಬಟ್ಟೆಗಳನ್ನು ಬಕೀಟಿಗೆ ಹಾಕಿಕೊಂಡು ಪಡಸಾಲೆಯ ನಡುವಿನಿಂದಲೇ, ಎಲ್ಲರ ಮುಂದೆ, ಅಂಗಳಕ್ಕೆ ನಡೆದೆ. ಹಗ್ಗದ ಮೇಲಿದ್ದ ಪಟ್ಟಾಪಟ್ಟಿ ಚಡ್ಡಿಗಳನ್ನು ತೆಗೆದು ಮಡಚಿ ಕಟ್ಟೆಯ ಮೇಲಿಟ್ಟೆ. ಕಲ್ಲು ಹತ್ತಲಿಲ್ಲ. ಕಂಬದ ಗಂಟು ಬಿಚ್ಚಿದೆ, ಗಿಡದ ಗಂಟು ಬಿಚ್ಚಿದೆ, ಹಗ್ಗವನ್ನು ನನ್ನ ಭುಜದ ಎತ್ತರಕ್ಕೆ ಇಳಿಸಿ ಕಟ್ಟಿದೆ. ಆಮೇಲೆ ಒಂದೊಂದನ್ನೇ ಜಾಡಿಸಿ ಹರವಿದೆ. ಕಪ್ಪು, ಬಿಳಿ, ಒಂದು ಗುಲಾಬಿ ಬಣ್ಣದ್ದು. ಕೊನೆಗೆ ಮೀನಿನ ಬಾಲದ ಒಳಲಂಗ.

"ಇವು ನೋಡ್ರಿ ಹೊಸಾವು" ಎಂದೆ. ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನನ್ನ ಅಳತಿವು. ನನ್ನ ಪಗಾರದಾಗ ತಂದವು. ನಾಳೆ ಇವನ್ನ ಹಾಕ್ಕೊಂಡ ಸಾಲಿಗೆ ಹೊಕ್ಕೇನಿ. ಯಾರಿಗೆ ತೋರ್ಸಾಕ ಅಂತ ಕೇಳಿದ್ರಲ್ಲ? ಬಿಸಲಿಗೆ."

ಭಾವನವರು ಎದ್ದು ಒಳಗೆ ಹೋದರು. ನನ್ನ ಗಂಡ ಪೇಪರು ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ನಾನು ಕಟ್ಟೆಯ ಮೇಲೆ, ಚಡ್ಡಿಗಳ ಪಕ್ಕದಲ್ಲಿ, ಕಾವಲು ಕುಳಿತೆ. ಯಾರಾದರೂ ಬಂದು ಕಿತ್ತರೆ ಜಗಳವಾಡಲು ಸಿದ್ಧಳಿದ್ದೆ.

ಬಂದವರು ಅತ್ತೆ. ಇಂದಿಗೂ ಮುಂದೆ ಗಂಟು ಕಟ್ಟುವ ಕುಪ್ಪಸವನ್ನೇ ತೊಡುವವರು, ಒಳಗೇನೂ ತೊಡದವರು. ಹಗ್ಗದ ಹತ್ತಿರ ನಿಂತು ಗುಲಾಬಿ ಬಣ್ಣದ್ದನ್ನು ಹಿಂದೆ ಮುಂದೆ ನೋಡಿದರು. ನಾನು ಎದ್ದು ನಿಂತೆ. ಅವರು ಅದರ ಅಂಚನ್ನು ಹಿಂಡಿ ನೋಡಿ, "ಈ ಮಗ್ಗಲ ಇನ್ನೂ ಹಸಿ ಐತಿ" ಎಂದು ತಿರುವಿ ಹಾಕಿದರು. "ಗಾಳಿಗೆ ಮಂದಿ ಮನ್ಯಾಗ ಹೋಗಿ ಬೀಳ್ತಾವು, ಕ್ಲಿಪ್ ಆದ್ರೂ ಹಾಕವಾ" ಎಂದು ಬೈದು ಒಳಗೆ ನಡೆದರು. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಯಾರೂ ತಡೆಯಲಿಲ್ಲ. ನೆಗೆಣ್ಣಿ ಮಾತ್ರ ಗೇಟಿನವರೆಗೆ ಬಂದು, ಸವಣೂರಿನ ಆ ಅಂಗಡಿ ಭಾನುವಾರವೂ ತೆರೆದಿರುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಈಗ ಹಗ್ಗದ ಮೇಲೆ ಎರಡು ಅಳತೆಗಳಿವೆ.

ಭಾವನವರು ಕೆಲವು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದರು. ಹಿತ್ತಲಲ್ಲಿ ಕೆಸರು. ಬಿಳಿ ಧೋತರಕ್ಕೆ ಅದು ಆಗಿಬರಲಿಲ್ಲ. ಒಂದು ಬೆಳಿಗ್ಗೆ ನಾನು ಒಣಹಾಕುತ್ತಿದ್ದಾಗ ಚಪ್ಪಲಿ ಮೆಟ್ಟಿಕೊಂಡು ಹಗ್ಗದ ಈಚೆ ಬಂದು ನಿಂತರು. ನನ್ನ ಗಂಡ ಮನೆಯಲ್ಲಿರಲಿಲ್ಲ. ಪಡಸಾಲೆಯ ಕಂಬ ದೂರದಲ್ಲಿತ್ತು. ಕೆಮ್ಮಿದರು. ಆಮೇಲೆ, ಆ ಮನೆಗೆ ನಾನು ಬಂದ ಮೇಲೆ ಮೊದಲ ಸಲ, ನನ್ನ ಮುಖ ನೋಡಿ ನನಗೇ ಹೇಳಿದರು:

"ಹಗ್ಗಾ ಸ್ವಲ್ಪ ಮ್ಯಾಲ ಕಟ್ಟವಾ. ದಾಟಾಕ ಆಗವಲ್ದು."

"ನನ್ನ ಕೈ ಎಟಕೂದು ಇಷ್ಟರೀ" ಎಂದೆ. "ನೀವ ಸ್ವಲ್ಪ ಬಗ್ಗಿ ಹೋಗ್ರಿ."

ಅವರು ಗೇಟು ನೋಡಿದರು, ಹಗ್ಗ ನೋಡಿದರು. ಆಮೇಲೆ ಧೋತರದ ಚುಂಗು ಹಿಡಿದು, ತಲೆ ತಗ್ಗಿಸಿ, ಬಗ್ಗಿ ಹೋದರು.