ಖಾಲಿ ಪಿಕಪ್ ತಗ್ಗಿದ ಮಧ್ಯಾಹ್ನ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಟೀ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದವನು ನಾನು. ಐಟಿಐ ಓದಿದವನು, ಟೇಪು ಹಿಡಿದು ಅಳೆದದ್ದನ್ನು ಮಾತ್ರ ನಂಬುವವನು. ಆದರೆ ಈಗ ಹೇಳುವುದನ್ನು ಟೇಪು ಹಿಡಿದೇ ಅಳೆದಿದ್ದೇವೆ. ನನಗೆ ಕಷ್ಟವಾಗಿರುವುದೇ ಅದು. ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಮಳವಳ್ಳಿಯಲ್ಲಿ ನನ್ನದು ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ಮದುವೆಗೋ ಸಭೆಗೋ ಕರೆದರೆ, ಗಾಲಿಗಳ ಮೇಲಿರುವ ದೊಡ್ಡ ಜನರೇಟರನ್ನು ಗಾಡಿಯ ಹಿಂದಕ್ಕೆ ಕಟ್ಟಿ ಎಳೆದುಕೊಂಡು ಹೋಗಬೇಕು. ಅದಕ್ಕೆಂದೇ ಏಳೆಂಟು ವರ್ಷದ ಹಿಂದೆ, ಭಾರತೀನಗರದ ಹತ್ತಿರದ ಹಳ್ಳಿಯ ಒಂದು ಮನೆಯವರಿಂದ ಹಳೇ ಪಿಕಪ್ ಕೊಂಡೆ. ಇಂಜಿನ್ ಗಟ್ಟಿಯಾಗಿತ್ತು. ಹಿಂಚಕ್ರಗಳ ಮೇಲೆ ಭಾರ ಹೊರುವ ಬ್ಲೇಡುಗಳು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಮಾತ್ರ ಸೋತುಹೋಗಿದ್ದವು. ಜನರೇಟರ್ ಕಟ್ಟಿದೊಡನೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತಿತ್ತು. ಶಿವನಸಮುದ್ರದ ಇಳಿಜಾರಿನಲ್ಲಿ ಒಮ್ಮೆ ಜನರೇಟರ್ ಹಿಂದಿನಿಂದ ನೂಕಿ, ಗಾಡಿ ಅಡ್ಡ ತಿರುಗಿ, ರಸ್ತೆ ಬದಿ ಕಡಲೆಕಾಯಿ ಮಾರುವ ಹೆಂಗಸಿನ ಬುಟ್ಟಿಯ ಮೇಲೆ ಹತ್ತಿ ನಿಂತಿತು. ಆಕೆ ಒಂದು ಮೊಳ ಆಚೆ ಕೂತಿದ್ದರಿಂದ ಉಳಿದರು.

ಮಾರನೆಯ ದಿನವೇ ಮದ್ದೂರಿನಲ್ಲಿ ಬ್ಲೇಡ್ ಕೆಲಸ ಮಾಡುವ ಆಚಾರ್ರ ಹತ್ತಿರ ಗಾಡಿ ಬಿಟ್ಟೆ. ಅರವತ್ತು ದಾಟಿದ ಮನುಷ್ಯ. ಪಟ್ಟಿಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಬಿರುಕು ಬಿಟ್ಟದ್ದನ್ನು ಪಕ್ಕಕ್ಕೆ ಎಸೆದರು. ಅದರ ಜಾಗಕ್ಕೆ ಹೊಸದನ್ನು ಹಾಕಿ, ಎರಡೂ ಕಡೆ ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿ ಬಿಗಿದರು. ನೆಲದಿಂದ ಬಾಡಿಯ ಅಂಚಿನವರೆಗೆ ಅಳೆದೆವು. ಎಡ, ಬಲ ಒಂದೇ ಸಮ.

“ಮೊದ್ಲು ಖಾಲಿ ಓಡ್ಸಿ ನೋಡವ ಕಣಪ್ಪ, ಎಳ್ಯೋದು ಆಮೇಲೆ” ಎಂದು ಆಚಾರ್ರೂ ನನ್ನ ಪಕ್ಕ ಕುಳಿತರು.

ಉರಿಬಿಸಿಲು. ಭಾರತೀನಗರ ದಾಟಿದ ಮೇಲೆ ಒಂದು ನಾಲೆ ಸೇತುವೆ ಸಿಗುತ್ತದೆ. ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂತೆಂದು ಅಲ್ಲಿ ನಿಲ್ಲಿಸಿದೆ. ಆಗ ಗಾಡಿಯ ಎಡ ಹಿಂಬದಿ ಮೆತ್ತಗೆ ತಗ್ಗಿತು. ಯಾರೋ ಹತ್ತಿ ಕೂತರೆ ಆಗುತ್ತದಲ್ಲ, ಹಾಗೆ. ಕನ್ನಡಿಯಲ್ಲಿ ನೋಡಿದೆ. ಯಾರೂ ಇಲ್ಲ.

ಆಚಾರ್ರು ಇಳಿದು ಟೇಪು ಹಿಡಿದರು. ಎಡಗಡೆ ಎರಡು ಬೆರಳು ಕಮ್ಮಿ. ಕೆಳಗೆ ನುಸುಳಿ ನೋಡಿ, ಮಣ್ಣು ಒರೆಸಿಕೊಳ್ಳುತ್ತಾ ಎದ್ದರು.

“ಕಟ್ಟಾಗಿಲ್ಲ, ಬೋಲ್ಟೂ ಸಡ್ಲ ಆಗಿಲ್ಲ. ಭಾರ ಬಿದ್ದದೆ ಅಷ್ಟೆ.”

“ಯಾವ ಭಾರ ಆಚಾರ್ರೇ? ಖಾಲಿ ಗಾಡಿ!”

“ನನ್ ಕೇಳಿದ್ರೆ? ನೀನೇ ಅತ್ತಿ ನೋಡು.”

ಹಿಂದೆ ಹತ್ತಿ ಬಲಗಡೆ ಕುಣಿದೆ. ಹೊಸ ಬ್ಲೇಡು ಅರ್ಧ ಬೆರಳೂ ತಗ್ಗಲಿಲ್ಲ. ರಸ್ತೆಯ ಓರೆ ಇರಬಹುದೆಂದು ಗಾಡಿಯನ್ನು ಮುಂದೆ ತಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳೆದೆವು. ಅದೇ ಎರಡು ಬೆರಳು. ನಿಜ ಹೇಳುತ್ತೇನೆ, ನನಗೆ ಭಯಕ್ಕಿಂತ ಹೆಚ್ಚಾಗಿ ಇದೇನೆಂದು ತಿಳಿಯಬೇಕೆಂಬ ಹಂಬಲ ಹತ್ತಿತು. ಆಚಾರ್ರು ಮಾತ್ರ ಹಿಂದಕ್ಕೆ ತಿರುಗಿ ನೋಡದೆ ಕುಳಿತರು.

ಎರಡು ಮೈಲಿ ಮುಂದೆ ಒಂದು ಹಳೇ ಪಂಪ್‌ಹೌಸಿನ ಗೇಟು. ದನ ಅಡ್ಡ ಬಂದು ನಿಧಾನ ಮಾಡಿದ್ದೇ ತಡ, ಎಡಗಡೆ ಟಕ್ಕನೆ ಮೇಲೆದ್ದಿತು. ಇಳಿದು ಅಳೆದೆವು. ಎರಡೂ ಕಡೆ ಸಮ.

ಆಚಾರ್ರು ಸಂಜೆಯೇ ಎಡ ಬ್ಲೇಡನ್ನು ಪೂರ್ತಿ ಬಿಚ್ಚಿದರು. “ತಪ್ಪು ನಂದಾದ್ರೆ ಯಾರ್ದೋ ಜೀವ ಓಯ್ತದೆ” ಎಂದು ಪ್ರತಿ ಪಟ್ಟಿಯನ್ನೂ ಮತ್ತೆ ತಟ್ಟಿ ಕೇಳಿದರು. ಏನೂ ಸಿಗಲಿಲ್ಲ. ಮುಂದಿನ ವಾರ ಕೈಯಲ್ಲಿ ಜೀವ ಹಿಡಿದು ಜನರೇಟರ್ ಕಟ್ಟಿ ಶಿವನಸಮುದ್ರಕ್ಕೆ ಇಳಿಸಿದೆ. ಗಾಡಿ ಗೆರೆ ಎಳೆದಂತೆ ಹೋಯಿತು. ಅದೇ ನಾಲೆ ದಾರಿಯಲ್ಲಿ ನಾಲ್ಕಾರು ಸಲ ಖಾಲಿಯೂ ಓಡಿಸಿದೆ. ಮತ್ತೆಂದೂ ತಗ್ಗಲಿಲ್ಲ.

ಸುಮ್ಮನಿರಲಾಗದೆ ಗಾಡಿ ಮಾರಿದವರ ಮನೆಗೆ ಹೋದೆ. ಮನೆಯ ಹಿರಿಯಾಕೆ ಜಗಲಿಯಲ್ಲಿ ಹುಣಸೆ ಬಿಡಿಸುತ್ತಿದ್ದರು. ಗಾಡಿ ಖಾಲಿಯಿದ್ದರೂ ನಾಲೆ ಹತ್ತಿರ ತಗ್ಗಿತು ಅಂದೆ, ಅಷ್ಟೆ.

“ಎಡಗಡೇಲಾ?” ಅಂದರು.

ಯಾವ ಕಡೆ ಎಂದು ನಾನಿನ್ನೂ ಹೇಳಿರಲಿಲ್ಲ. ಹೂಂ ಎಂದೆ.

“ಎಲ್ಲಿ ಇಳುದ್ರು?”

ಪಂಪ್‌ಹೌಸಿನ ಗೇಟು ಎಂದೆ. ಆಕೆಯ ಕೈ ನಿಂತಿತು. ನನ್ನನ್ನು ನೋಡದೆಯೇ, “ಅಲ್ಗೋದ್ರಾ? ಇಷ್ಟ್ ವರ್ಸ್ವೂ ನಾವು ಮನೇಗ್ ಬತ್ತಾರೆ ಅನ್ಕಂಡಿದ್ದೊ” ಎಂದರು.

ಯಾರಮ್ಮಾ ಎಂದು ಕೇಳಿದೆ. ಕಾಪಿ ಕಾಸ್ತೀನಿ, ಇರಪ್ಪ ಎಂದು ಒಳಗೆ ಹೋದರು. ಕಾಫಿ ಕೊಟ್ಟರು. ಕುಡಿದು, ಎರಡನೇ ಸಲ ಕೇಳದೆ ಎದ್ದು ಬಂದೆ.

ಆ ಗೇಟಿನ ಮುಂದೆ ಆಮೇಲೆ ಎರಡು ಸಲ ಹೋಗಿ ನಿಂತಿದ್ದೇನೆ. ತುಕ್ಕು ಹಿಡಿದ ಬೀಗ, ಒಳಗೆ ಆಳೆತ್ತರದ ಹುಲ್ಲು. ಅಲ್ಲಿ ಏನನ್ನು ಹುಡುಕಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.