ಚೀಲದ ಮೇಲೆ ಕಣ್ಣು, ಗ್ಲೌಸಿನಲ್ಲಿ ಕಿವಿ

ಮೈದಾನದಲ್ಲಿ ಉಮಿ ತುಂಬಿ ಹೊಲಿದ ಬಿಳಿ ಚೀಲವೊಂದು ಬಿದ್ದಿತ್ತು. ಇದನ್ನು ಬರೆಯುತ್ತಿರುವ ಮನುಷ್ಯನಿಗೆ ಅದು ಗಣ್ಯರ ಆಸನದಂತೆ ಕಂಡಿತು. ಆಗಷ್ಟೇ ವಾರಪತ್ರಿಕೆಯೊಂದರಲ್ಲಿ ಅವನ ನಗೆಬರಹ ಅಚ್ಚಾಗಿತ್ತು. ತನಗೊಂದು ಆಸನ ಇಡದೆ ಇರುತ್ತಾರೆಯೇ ಎಂದುಕೊಂಡು ಪಂಚೆ ಸರಿಮಾಡಿಕೊಂಡು ಕುಳಿತೇಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವನು ಕೈಮುಗಿದ. ಅಷ್ಟರಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದ ಟೀಚರೊಬ್ಬರು ಎದುರು ಬಂದು ನಿಂತರು.

"ಸರ್, ನೀವು ಕೂತದ್ದು ಫಸ್ಟ್ ಬೇಸಿನ ಮೇಲೆ. ನಮಗೆ ಆಟ ಶುರು ಮಾಡ್ಲಿಕ್ಕುಂಟು."

ಅವರು ನಗಲಿಲ್ಲ. ನಕ್ಕಿದ್ದರೆ ಅವಮಾನ ಸ್ವಲ್ಪ ಹಗುರವಾಗುತ್ತಿತ್ತು.

ಅವರೇ ಪದ್ಮಾಕ್ಷಿ ಟೀಚರ್. ಮನೆ ಬಂಟ್ವಾಳದಲ್ಲಿ, ಕೆಲಸ ಮೂಡುಬಿದಿರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ, ವ್ಯಾಯಾಮ ಶಿಕ್ಷಕಿ. ಮದರಾಸಿನಲ್ಲಿ ತರಬೇತಿ ಮುಗಿಸಿ ಬರುವಾಗ ಅವರ ಟ್ರಂಕಿನಲ್ಲಿ ಸೀರೆಗಳ ಜೊತೆ ಒಂದು ಬ್ಯಾಟು, ಒಂದು ಚೆಂಡು, ಒಂದೇ ಒಂದು ಚರ್ಮದ ಗ್ಲೌಸು ಇದ್ದವು. ನಮ್ಮ ಕಡೆಗೆ ಸಾಫ್ಟ್‌ಬಾಲ್ ಬಂದದ್ದು ಹೀಗೆ. ಇದ್ದ ಒಂದು ಗ್ಲೌಸನ್ನು ಅವರು ಫಸ್ಟ್ ಬೇಸಿನಲ್ಲಿ ನಿಲ್ಲುವವನಿಗೇ ಕೊಡುತ್ತಿದ್ದರು. ಚೆಂಡು ಹೊಡೆದವನು ಆ ಚೀಲಕ್ಕೆ ಓಡಲೇಬೇಕು. ಅವನನ್ನು ಯಾರೂ ಮುಟ್ಟಬೇಕಾಗಿಲ್ಲ. ಓಡುವವನ ಕಾಲಿಗಿಂತ ಮೊದಲು ಚೆಂಡು ಅಲ್ಲಿ ನಿಂತವನ ಕೈ ಸೇರಿ, ಹಿಡಿದವನ ಪಾದ ಚೀಲದ ಮೇಲಿದ್ದರೆ ಸಾಕು, ಓಡಿದವನು ಔಟ್. ಎರಡು ಕಡೆ ಒಟ್ಟಿಗೆ ನೋಡುವ ಕಣ್ಣು ಯಾರಿಗೂ ಇಲ್ಲ. ಆದ್ದರಿಂದ ಅಂಪಾಯರ್ ಚೀಲವನ್ನು ನೋಡಬೇಕು, ಚೆಂಡನ್ನು ಕೇಳಬೇಕು. ಬರಿಗೈಗೆ ಬಿದ್ದ ಚೆಂಡು ಗೊಣಗುತ್ತದೆ, ಚರ್ಮಕ್ಕೆ ಬಿದ್ದದ್ದು ಸ್ಪಷ್ಟವಾಗಿ ಮಾತಾಡುತ್ತದೆ.

ಇದರ ಅಭ್ಯಾಸವನ್ನು ಅವರು ಮಾಡಿದ್ದು ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ. ಕಂಡಕ್ಟರ್ ಬಾವಾ ಬಸ್ಸಿನ ತಗಡಿಗೆ ಕೈ ಬಡಿದು "ರೈಟ್" ಎನ್ನುವುದಕ್ಕೂ ಕೊನೆಯ ಪ್ರಯಾಣಿಕನ ಕಾಲು ಮೆಟ್ಟಿಲಿಗೆ ತಾಗುವುದಕ್ಕೂ ಯಾವುದು ಮೊದಲು? ಟೀಚರ ಕಣ್ಣು ಮೆಟ್ಟಿಲ ಮೇಲೆ, ಕಿವಿ ತಗಡಿನ ಮೇಲೆ. ಸೆರಗಿನ ಮರೆಯಲ್ಲಿ ಒಮ್ಮೆ ಔಟ್ ಎಂದು ಮುಷ್ಟಿ ಮೇಲೇಳುತ್ತಿತ್ತು, ಒಮ್ಮೆ ಔಟಲ್ಲ ಎಂದು ಅಂಗೈ ಅಗಲವಾಗುತ್ತಿತ್ತು. ಬಾವಾ ಇದನ್ನು ಕಂಡುಹಿಡಿದ.

"ಯಾರಿಗೆ ಟೀಚರೇ ಮುಷ್ಟಿ? ನನಗಾ?"

"ನಿನಗಲ್ಲ ಮಾರಾಯ, ಆ ಕೊಡೆಯವರಿಗೆ. ಅವರು ಔಟ್."

ಅಂದಿನಿಂದ ಟೀಚರ್ ನಿಂತಿದ್ದರೆ ಬಾವಾ ತಗಡಿಗೆ ಒಂದು ಪೆಟ್ಟು ಜೋರಾಗಿಯೇ ಕೊಡುತ್ತಿದ್ದ.

ಈ ಬರಹಗಾರ ಚೀಲದ ಮೇಲೆ ಕುಳಿತ, ಅರುವತ್ಮೂರರ ಆ ಶನಿವಾರ ಮೂಡುಬಿದಿರೆಯ ಮೇಷ್ಟ್ರುಗಳಿಗೂ ಬಂಟ್ವಾಳದ ಮೇಷ್ಟ್ರುಗಳಿಗೂ ಪಂದ್ಯ. ಬಂಟ್ವಾಳದ ಪರವಾಗಿ ಆಡಲಿದ್ದ ಲೆಕ್ಕದ ಮೇಷ್ಟ್ರು ಶೇಖರನಿಗೆ ಪದ್ಮಾಕ್ಷಿಯನ್ನು ತರುವ ಮಾತು ನಡೆದಿತ್ತು. ಹುಡುಗಿಗೂ ಅದು ಇಷ್ಟವೇ. ಬಾಕಿ ಇದ್ದದ್ದು ಶೇಖರನ ಸೋದರಮಾವ, ಬೆಳುವಾಯಿಯ ರುಕ್ಮಯ್ಯ ಶೆಟ್ಟರ ಒಪ್ಪಿಗೆ. ಆ ಕುಟುಂಬದಲ್ಲಿ ಸೋದರಳಿಯನ ವಿಷಯಕ್ಕೆ ಮಾವನ ಮಾತೇ ಕಡೆಯದು. ಅವರು ಆಟ ನೋಡುವ ನೆವದಲ್ಲಿ ಹುಡುಗಿ ನೋಡಲು ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಇವತ್ತು ಬೇರೆ ಯಾರಾದರೂ ಅಂಪಾಯರ್ ಆಗಲಿ ಎಂದು ಟೀಚರ ತಾಯಿ ಸೇಸಮ್ಮ ಬೆಳಗ್ಗಿನಿಂದ ಹೇಳಿ ಸೋತಿದ್ದರು. ಬೇರೆ ಯಾರಿಗೂ ನಿಯಮ ಗೊತ್ತಿರಲಿಲ್ಲ. ಅಲ್ಲದೆ, ಹೆಂಗಸಿನ ತೀರ್ಪು ತಾನೇ, ನಾಲ್ಕು ಜನ ಸೇರಿದರೆ ಬದಲಾಗುತ್ತದೆ ಎಂದು ಮೇಷ್ಟ್ರುಗಳು ಆಡಿಕೊಂಡದ್ದು ಟೀಚರ ಕಿವಿಗೆ ಬಿದ್ದಿತ್ತು. ಇವತ್ತು ಬದಲಾದರೆ ಮುಂದೆ ಶಾಲೆಯ ಹುಡುಗಿಯರೂ ತನ್ನ ಕೈಯನ್ನು ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆಟ ಕೊನೆಗೆ ಬಂದು ನಿಂತದ್ದು ಶೇಖರನ ಮೇಲೆಯೇ. ಅವನು ಚೀಲ ಮುಟ್ಟಿದರೆ ಮೂರನೆಯ ಬೇಸಿನಿಂದ ಓಡಿಬರುವ ಜೊತೆಗಾರನ ಅಂಕ ಸೇರಿ ಆಟ ಸಮ, ಔಟಾದರೆ ಬಂಟ್ವಾಳಕ್ಕೆ ಸೋಲು. ಅವನು ಹೊಡೆದ, ಪ್ಯಾಂಟು ಎತ್ತಿ ಹಿಡಿದು ಓಡಿದ. ಚೆಂಡು ದೂರದಿಂದ ಬಂದು, ಚೀಲಕ್ಕೆ ಕಾಲಿಟ್ಟು ನಿಂತಿದ್ದ ಮೂಡುಬಿದಿರೆಯ ಡ್ರಾಯಿಂಗ್ ಮೇಷ್ಟ್ರು ಅಬ್ದುಲ್ ನಾಸಿರರ ಗ್ಲೌಸಿಗೆ ಬಡಿಯಿತು. ಚೀಲದಿಂದ ಉಮಿಯ ಧೂಳು ಎದ್ದಿತು. ಟೀಚರ್ ಅವಸರ ಮಾಡಲಿಲ್ಲ. ಚೆಂಡು ಜಾರದೆ ಗ್ಲೌಸಿನಲ್ಲೇ ಉಳಿಯಿತೇ ಎಂದು ನೋಡಿದರು. ಆ ಒಂದು ಗಳಿಗೆಯಲ್ಲಿ ಶೇಖರ ಅವರತ್ತ ನೋಡಿ ಸಣ್ಣಗೆ ನಕ್ಕ. ಆಮೇಲೆ ಬಲಗೈಯ ಮುಷ್ಟಿ ಮೇಲೆದ್ದಿತು.

"ಔಟ್."

ರುಕ್ಮಯ್ಯ ಶೆಟ್ಟರು ಕೊಡೆ ಊರುತ್ತ ಮೈದಾನದೊಳಗೆ ಬಂದರು.

"ಮುಟ್ಟಲೇ ಇಲ್ಲವಲ್ಲ ಟೀಚರೇ. ಕಬಡ್ಡಿಯಲ್ಲಿ ಮುಟ್ಟದೆ ಯಾರಾದರೂ ಸಾಯ್ತಾರಾ?"

"ಇದರಲ್ಲಿ ಮುಟ್ಟಬೇಕಂತ ಇಲ್ಲ. ಚೆಂಡು ಮೊದಲು ಬಂತು."

"ನನಗೆ ಒಟ್ಟಿಗೇ ಕಂಡಿತು."

"ಒಟ್ಟಿಗೆ ಆಗಿದ್ರೆ ಓಡಿದವರಿಗೇ ಕೊಡ್ತಿದ್ದೆ. ಒಟ್ಟಿಗೆ ಆಗ್ಲಿಲ್ಲ."

ಬೇಲಿಯ ಬಳಿಯಿಂದ ಸೇಸಮ್ಮ ಕೈ ಇಳಿಸು ಎಂದು ಸನ್ನೆ ಮಾಡಿದರು. ಕೈ ಇಳಿಯಲಿಲ್ಲ. ಸಂಧಾನದಲ್ಲಿ ತನ್ನನ್ನು ಬಿಟ್ಟರೆ ಬೇರೆಯವರಿಲ್ಲ ಎಂದುಕೊಂಡಿದ್ದ ಈ ಬರಹಗಾರ ನಡುವೆ ನುಗ್ಗಿ, ಇನ್ನೊಮ್ಮೆ ಓಡಿಸಿ ನೋಡುವ, ಯಾರಿಗೂ ಬೇಜಾರಿಲ್ಲ ಎಂದು ಸಲಹೆ ಕೊಟ್ಟ.

"ಸರ್, ನೀವು ಪುನಃ ಚೀಲದ ಮೇಲೆ ನಿಂತಿದ್ದೀರಿ" ಎಂದರು ಟೀಚರ್.

ಅವನು ಇಳಿದ. ಶೆಟ್ಟರು ಅಳಿಯನತ್ತ ತಿರುಗಿದರು. ಅವನೊಂದು ಸುಳ್ಳು ಹೇಳಿದ್ದರೆ ತಂಡವೂ ಮಾವನೂ ಅವನ ಬೆನ್ನಿಗಿದ್ದರು. ಟೀಚರ್ ಅವನ ಮುಖ ನೋಡಲಿಲ್ಲ; ಕಣ್ಣು ಇನ್ನೂ ಚೀಲದ ಮೇಲೆಯೇ ಇತ್ತು.

ಶೇಖರ ಬೆವರು ಒರೆಸಿಕೊಂಡ. "ನನಗೆ ಶಬ್ದ ಕೇಳಿತು ಮಾವ. ಆಮೇಲೆ ಕಾಲಿಟ್ಟೆ."

ಬಂಟ್ವಾಳದ ಮೇಷ್ಟ್ರುಗಳು ಬ್ಯಾಟು ಎತ್ತಿಕೊಂಡರು. ಆಗ ಟೀಚರ ಕೈ ಇಳಿಯಿತು. ಶೆಟ್ಟರು ಮಾತ್ರ ಅಲ್ಲೇ ನಿಂತು, ಅಡಿಕೆ ವ್ಯಾಪಾರದಲ್ಲಿ ನೋಡುವ ಹಾಗೆ, ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಮದುವೆ ಆದ ಮೇಲೂ ಇವನಿಗೆ ಹೀಗೆ ಮುಷ್ಟಿ ಎತ್ತಲಿಕ್ಕುಂಟಾ?"

ಪದ್ಮಾಕ್ಷಿ ಟೀಚರ್ ಬಾಗಿ, ಪಕ್ಕಕ್ಕೆ ಸರಿದಿದ್ದ ಚೀಲವನ್ನು ಅದರ ಜಾಗಕ್ಕೆ ಎಳೆದರು.

"ಸಮಯಕ್ಕೆ ಸರಿಯಾಗಿ ಬಂದ್ರೆ ಇಲ್ಲ, ಮಾವ."