ಬೊಂಬೆ ಡಬ್ಬದ ಮೇಲಿದ್ದ ನಂಬರು

ಶೈಲಾ, ಕೆಂಗೇರಿ ಉಪನಗರದ ನಿನ್ನ ಬಾಡಿಗೆ ಮನೆಯನ್ನು ಮೋಹನನಿಗೆ ಹುಡುಕಿಕೊಟ್ಟವಳು ನಾನು. ರೇಖಾ ಅಲ್ಲ. ನಿನ್ನ ಗಂಡನ ಅಕ್ಕ, ನೀನು ಬಾಯಿ ತುಂಬ ಅಕ್ಕ ಎಂದು ಕರೆಯುತ್ತಿದ್ದವಳು — ನಾನೇ. ಇದನ್ನು ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಮಲಗಿದೆ, ಹಬ್ಬ ಮಾಡಿದೆ. ನಿದ್ದೆಯೇ ಬರಲಿಲ್ಲ ಎಂದು ಸುಳ್ಳು ಹೇಳಿ ನಿನ್ನ ಕನಿಕರ ಗಿಟ್ಟಿಸುವುದಿಲ್ಲ. ಚೆನ್ನಾಗಿಯೇ ನಿದ್ದೆ ಮಾಡಿದೆ.

ಈ ಕಾಗದ ನೋಡಿದರೆ ಅಮ್ಮ ಮನೆ ಮಾನ ಹೋಯಿತು ಅನ್ನುತ್ತಾಳೆ. ಹೋಗಲಿ. ಮೋಹನ ನಿನ್ನ ಕೂದಲು ಹಿಡಿದು ಬೀದಿಯಲ್ಲಿ ಎಳೆದಾಗ ಹೋಗದ ಮಾನ, ನಾನು ನಿಜ ಹೇಳಿದರೆ ಹೋಗುತ್ತದಂತೆ!

ಗೋವಿಂದರಾಜನಗರದ ನಮ್ಮ ಮನೆಯಿಂದ ನೀನು ಹೊರಟಾಗ ಎಲ್ಲ ಯೋಚಿಸಿಯೇ ಹೊರಟಿದ್ದೆ. ಸಿಮ್ ಬದಲಿಸಿದೆ, ಫೋನೂ ಬದಲಿಸಿದೆ. ತವರಿಗೂ ವಿಳಾಸ ಹೇಳಲಿಲ್ಲ. ಗೊತ್ತಿದ್ದದ್ದು ವಿಜಯನಗರದಲ್ಲಿ ಫೋಟೊ ಸ್ಟುಡಿಯೊ ನಡೆಸುವ ನಿನ್ನ ಗೆಳತಿ ರೇಖಾ ಒಬ್ಬಳಿಗೆ. ನೀನು ಮದುವೆ ಆಲ್ಬಂ ಮಾಡಿಕೊಡುತ್ತಿದ್ದುದು ಅವಳಿಗೇ ತಾನೆ. ಆ ಕೆಲಸಕ್ಕೆಂದು ಲ್ಯಾಪ್‌ಟಾಪ್ ಜೊತೆ ವೈಫೈ ರೂಟರನ್ನೂ ಬ್ಯಾಗಿಗೆ ಹಾಕಿಕೊಂಡೆ. ನಾನು ಕೊಡಿಸಿದ್ದು, ಒಳ್ಳೆಯ ಸಾಮಾನು, ಬಿಟ್ಟು ಹೋಗಲು ಮನಸ್ಸು ಬಂದಿರಲಿಕ್ಕಿಲ್ಲ. ಹೊಸ ಮನೆಯಲ್ಲಿ ಕನೆಕ್ಷನ್ ಹೊಸದಾಯಿತು, ರೂಟರ್ ಹಳೆಯದೇ ಉಳಿಯಿತು.

ಆ ವರ್ಷ ದಸರೆಗೆ ಬೊಂಬೆ ಇಳಿಸಲು ಸಜ್ಜದ ಮೇಲೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಯಾವ ರಟ್ಟಿನ ಡಬ್ಬವನ್ನೂ ಎಸೆಯುವುದಿಲ್ಲವಲ್ಲ — ಮಿಕ್ಸಿಯದು, ಟಿವಿಯದು, ಎಲ್ಲ ಸಜ್ಜದ ಮೇಲೆ. ಸಣ್ಣ ಮಣ್ಣಿನ ಬೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ನಿನ್ನ ರೂಟರಿನ ಡಬ್ಬದಲ್ಲಿ ಇಟ್ಟಿದ್ದೆವು. ಡಬ್ಬದ ಒಂದು ಮಗ್ಗುಲಿಗೆ ರೂಟರಿನ ನಂಬರಿದ್ದ ಚೀಟಿ ಅಂಟಿಸಿತ್ತು.

ರಾಜಾಜಿನಗರದಲ್ಲಿ ಇಂಟರ್‌ನೆಟ್ ಕನೆಕ್ಷನ್ ಕೊಡುವ ಆಫೀಸಿನ ಕೌಂಟರಿನಲ್ಲಿ ಕೂರುವವಳು ನಾನು. ಆ ನಂಬರಿನ ಮಹಿಮೆ ನನಗೆ ಗೊತ್ತಿತ್ತು. ರೂಟರ್ ಸುಮ್ಮನಿರುವುದಿಲ್ಲ, ತನ್ನ ನಂಬರನ್ನು ಸುತ್ತಮುತ್ತ ಕೂಗಿ ಹೇಳುತ್ತಲೇ ಇರುತ್ತದೆ. ಬೀದಿಯಲ್ಲಿ ಹೋಗುವವರ ಫೋನುಗಳು ಅದನ್ನು ಕೇಳಿಸಿಕೊಂಡು, ಈ ನಂಬರು ಇಂಥ ಜಾಗದಲ್ಲಿದೆ ಎಂದು ದೊಡ್ಡ ಕಂಪನಿಗಳಿಗೆ ವರದಿ ಒಪ್ಪಿಸುತ್ತವೆ. ನಂಬರು ಕೈಯಲ್ಲಿದ್ದವರು ಆ ಪಟ್ಟಿಯಲ್ಲಿ ಹುಡುಕಿಕೊಳ್ಳಬಹುದು. ಪಾಸ್‌ವರ್ಡ್ ಬೇಡ, ಯಾರ ಅಪ್ಪಣೆಯೂ ಬೇಡ. ನಿನ್ನ ಮನೆ ಎಲ್ಲಿದೆ ಎಂದು ಊರಿಗೆಲ್ಲ ಸಾರಲು ನಿನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

“ಅಕ್ಕ, ಬರೀ ಮಾತಾಡ್ಸ್ಕೊಂಡು ಬರ್ತೀನಿ. ಎಲ್ಲಿದಾಳೆ ಅಂತ ಹೇಳು ಸಾಕು.” ಬೊಂಬೆ ಜೋಡಿಸುತ್ತಿದ್ದ ನನ್ನ ಪಕ್ಕದಲ್ಲಿ ಕೂತು ಮೋಹನ ಅಂದ. ಅವನ ಕಣ್ಣಲ್ಲಿ ನೀರಿತ್ತು. ನಂಬಿಬಿಟ್ಟೆ ಎಂದು ಬರೆಯಲು ಕೈ ಹೋಗುತ್ತಿದೆ — ಇಲ್ಲ. ನಿನ್ನ ಮೊಣಕೈ ಮೇಲೆ ಅವನು ಮಾಡಿದ ಗಾಯಕ್ಕೆ ನಾನೇ ಎಣ್ಣೆ ಹಚ್ಚಿದ್ದೆ. ಗೊತ್ತಿದ್ದೂ ಹುಡುಕಿದೆ. ನಕ್ಷೆಯಲ್ಲಿ ನಿನ್ನ ಬೀದಿಯ ಮೇಲೆ ಚುಕ್ಕಿ ಬಂದು ಕೂತಾಗ ನನಗೆ ಹೆಮ್ಮೆಯಾಯಿತು, ಶೈಲಾ. ಅದನ್ನೂ ಬರೆದುಬಿಡುತ್ತೇನೆ.

ಮಾರನೆಯ ದಿನ ಅವನು ನಿನ್ನ ಬೀದಿಯಲ್ಲಿ ಕಾದು ನಿಂತ. ಮುಂದಿನದು ನಿನಗೇ ಗೊತ್ತು... ಲ್ಯಾಪ್‌ಟಾಪ್ ಒಡೆದ. ಓನರು ಅದೇ ವಾರ ಮನೆ ಖಾಲಿ ಮಾಡಿ ಅಂದರು. ನೀನು ಕೇಸು ಹಾಕಿದ ಮೇಲೆ ಕೋರ್ಟಿನಲ್ಲಿ ಅವನು ‘ದಾರೀಲಿ ಅಕಸ್ಮಾತ್ ಸಿಕ್ಕಳು’ ಅಂದ. ನೀನು ನಂಬಲಿಲ್ಲ. ವಿಳಾಸ ಗೊತ್ತಿದ್ದವಳು ರೇಖಾ ಒಬ್ಬಳೇ ಎಂದುಕೊಂಡು ಅವಳ ಮುಖ ನೋಡುವುದನ್ನೇ ಬಿಟ್ಟೆ.

ಅವಳು ಒಂದು ಮಧ್ಯಾಹ್ನ ನನ್ನ ಕೌಂಟರಿಗೆ ಬಂದಳು. “ಅಕ್ಕಾ, ದೇವ್ರಾಣೆ ನಾನ್ ಯಾರ್ಗೂ ಹೇಳಿಲ್ಲ. ಶೈಲಾ ನನ್ ಫೋನೇ ತೆಗೀತಿಲ್ಲ. ಕೋರ್ಟಲ್ಲಿ ಸಿಕ್ರೆ ನೀವಾದ್ರೂ ಹೇಳಿ.”

“ಹೇಳ್ತೀನಿ ಬಿಡಮ್ಮ” ಅಂದೆ. ಕುಡಿಯಲು ನೀರು ಕೊಟ್ಟೆ. ಕುಡಿದು, ಕಣ್ಣೊರೆಸಿಕೊಂಡು, ಥ್ಯಾಂಕ್ಸ್ ಹೇಳಿ ಹೋದಳು. ನಾನು ಮುಂದಿನವರನ್ನು ಕರೆದೆ.

ಕಳೆದ ವಾರ ಮೋಹನ ಮತ್ತೆ ನನ್ನ ಪಕ್ಕದಲ್ಲಿ ಬಂದು ಕೂತ. “ಅಕ್ಕ, ಇನ್ನೊಂದ್ಸಲ ನೋಡು. ಅದೇ ನಂಬರ್ ಇರತ್ತಲ್ಲ.”

ಇನ್ನೊಂದು ಸಲ! ಹಾಲಿನ ಪ್ಯಾಕೆಟ್ ತಂದುಕೊಡು ಅನ್ನುವ ಹಾಗೆ ಕೇಳಿದ. ಮೈಯೆಲ್ಲ ಉರಿದುಹೋಯಿತು. ಆ ರೂಟರ್ ನಿನ್ನ ಈಗಿನ ಮನೆಯಲ್ಲೂ ಇರಬಹುದು. ನಾನು ಬಾಯಿ ಮುಚ್ಚಿಕೊಂಡಿದ್ದ ಒಂದೊಂದು ದಿನವೂ ನೀನು ಅವನ ಕೈಗೆ ಸಿಗುವ ಹಾಗೇ ಇದ್ದೆ, ನಿನಗೇ ಗೊತ್ತಿಲ್ಲದೆ.

“ನೋಡಲ್ಲ ಕಣೋ. ಕೋರ್ಟಲ್ಲೇ ಹೇಳ್ತೀನಿ, ನಾನು ಹುಡುಕ್ಕೊಟ್ಟೆ, ನೀನು ಹೋಗಿ ಹೊಡ್ದೆ ಅಂತ.”

“ತಮ್ಮನ್ ಮೇಲೇ ಸಾಕ್ಷಿ ಹೇಳ್ತೀಯೇನೇ?” ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಹೌದು, ಹೇಳುತ್ತೇನೆ. ಕೆಲಸ ಹೋದರೂ ಹೇಳುತ್ತೇನೆ. ನನ್ನನ್ನೂ ಕೇಸಿಗೆ ಸೇರಿಸುವುದಾದರೆ ಸೇರಿಸಲಿ, ಸೇರಿಸಲೇಬೇಕು. ನೆಂಟರೆಲ್ಲ ಬಾಗಿಲು ಹಾಕಿಕೊಳ್ಳಲಿ — ನನಗೆ ಯಾರ ಹೆದರಿಕೆಯೂ ಇಲ್ಲ. ಹೆದರಬೇಕಾಗಿದ್ದ ದಿನ ಹೆದರಲಿಲ್ಲ, ಈಗ ಹೆದರಿ ಏನು ಬಂತು?

ನಿನ್ನೆ ರೇಖಾಳ ಸ್ಟುಡಿಯೊಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. “ಅವತ್ತು ನೀರ್ ಕೊಟ್ರಲ್ಲ ಅಕ್ಕ” ಅಂದಳು, ಅಷ್ಟೇ. ಅವಳು ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಬೊಂಬೆಗಳನ್ನು ತೆಗೆದು ಮಂಚದ ಮೇಲೆ ಇಟ್ಟಿದ್ದೇನೆ. ಖಾಲಿ ಡಬ್ಬವನ್ನೂ ಈ ಕಾಗದವನ್ನೂ ಇವತ್ತೇ ನಿನ್ನ ವಕೀಲರ ಕೈಗೆ ಕೊಡುತ್ತೇನೆ. ಇದನ್ನು ಓದುತ್ತಿದ್ದ ಹಾಗೇ ಎದ್ದು ಆ ರೂಟರಿನ ವೈರು ಕಿತ್ತು ಹಾಕು. ಆಮೇಲೆ ರೇಖಾಗೆ ಫೋನ್ ಮಾಡು. ಕ್ಷಮಿಸು ಎಂದು ನಾನು ಕೇಳುವುದಿಲ್ಲ, ಶೈಲಾ. ನೀನು ಎಲ್ಲಿದ್ದೀಯ ಎಂದೂ ಕೇಳುವುದಿಲ್ಲ.